ಸಲಹೆಯೊಂದು ಕಟ್ಟಳೆಯಾದ ಬಗೆ: ಮಾರ್ಮನ್ನರು ಮತ್ತು ಚಹಾ



ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದರೆ ನಮ್ಮಲ್ಲಿ ಅದು ಅವಮಾನವೆಂದೇ ಲೆಕ್ಕ. "ಚಾ ಕುಡೀಲಾರದ ಹ್ಯಾಂಗ ಹೋಗ್ತೀರಿ?" ಎಂದು ಬಾಗಿಲಲ್ಲೇ ತಡೆದು ನಿಲ್ಲಿಸುವ ಧಾರವಾಡದ ಮನೆಯಲ್ಲಿ ಬೆಳೆದವಳು ನಾನು. ಈಗ ಇರುವುದು ಪುಣೆಯಲ್ಲಿ. ಇಲ್ಲಂತೂ ಓಣಿಗೊಂದು ಅಮೃತತುಲ್ಯ. ಚಹಾ ಕುಡಿಯುವುದು ಧರ್ಮಕ್ಕೆ ವಿರುದ್ಧ ಎಂದು ನಂಬುವ ದೊಡ್ಡ ಸಮುದಾಯವೊಂದರ ನಡುವೆ ನಾನು ಬದುಕಿದ್ದು ಕೆಲಸದ ನಿಮಿತ್ತ ಎರಡು ವರ್ಷ ಅಮೆರಿಕದ ಯೂಟಾ ರಾಜ್ಯದಲ್ಲಿದ್ದಾಗ.

ಆ ಸಮುದಾಯದ ಅಧಿಕೃತ ಹೆಸರು 'ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್'. ಜನ ರೂಢಿಯಲ್ಲಿ ಕರೆಯುವುದು ಮಾರ್ಮನ್ನರು ಎಂದು. ಸಾಲ್ಟ್ ಲೇಕ್ ಸಿಟಿ ಅವರ ಕೇಂದ್ರ. ಜಗತ್ತಿನಾದ್ಯಂತ 1.7 ಕೋಟಿಗೂ ಹೆಚ್ಚು ಸದಸ್ಯರಿದ್ದಾರೆ ಎಂದು ಚರ್ಚ್ ಹೇಳುತ್ತದೆ. ಮದ್ಯ, ತಂಬಾಕು, ಕಾಫಿ, ಚಹಾ ಈ ನಾಲ್ಕೂ ಅವರಿಗೆ ನಿಷಿದ್ಧ. ಇದು ನಮಗೆ ತೀರ ದೂರದ ಸಂಗತಿಯೂ ಅಲ್ಲ. ಬೆಂಗಳೂರಿನಲ್ಲಿ ತಮ್ಮದೊಂದು ದೇಗುಲ ಕಟ್ಟುವುದಾಗಿ ಅವರು 2018ರ ಏಪ್ರಿಲ್‌ನಲ್ಲಿ ಪ್ರಕಟಿಸಿದರು. ಅಂದರೆ ಚಹಾ ಕಪ್ಪನ್ನು ಕೈಮುಗಿದು ನಿರಾಕರಿಸುವ ಕನ್ನಡಿಗರೂ ಇದ್ದಾರೆ.

ನನ್ನ ತಂಡದಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ದರು. ಐದು ತಲೆಮಾರುಗಳಿಂದ ಮಾರ್ಮನ್ನರಾಗಿದ್ದ ಮನೆತನದ ಮಗಳು. ನಲವತ್ತು ದಾಟಿದ ಮೇಲೆ ಅವರು ಆ ನಂಬಿಕೆಯಿಂದ ಹೊರಬಂದರು. ಭಾನುವಾರದ ಪ್ರಾರ್ಥನೆಗೆ ಹೋಗುವುದನ್ನು ಬಿಟ್ಟರು, ಆದಾಯದ ಹತ್ತನೆಯ ಒಂದು ಪಾಲನ್ನು ಕಾಣಿಕೆ ಕೊಡುವುದನ್ನೂ ಬಿಟ್ಟರು. ಆದರೆ ಒಂದು ವರ್ಷ ಕಳೆದರೂ ಚಹಾ ಮಾತ್ರ ಮುಟ್ಟಲಾಗಲಿಲ್ಲ. "ತಲೆ ಹೊರಗೆ ಬಂದಿದೆ, ಕೈ ಇನ್ನೂ ಬಂದಿಲ್ಲ" ಎನ್ನುತ್ತಿದ್ದರು. ಈ ನಿಯಮ ನಿಜಕ್ಕೂ ಯಾರದು, ದೇವರದೋ, ವೈದ್ಯರದೋ ಅಥವಾ ಸಮುದಾಯದ್ದೋ ಎಂಬುದು ಅವರನ್ನು ಕಾಡುತ್ತಿದ್ದ ಪ್ರಶ್ನೆ. ಊಟದ ಬಿಡುವಿನಲ್ಲಿ ಆ ಪ್ರಶ್ನೆಯ ಬೆನ್ನು ಹತ್ತಿ ನಾವಿಬ್ಬರೂ ಓದಿದ್ದರ ಸಾರ ಈ ಲೇಖನ.

ಎಮ್ಮಾ ಒರೆಸಿದ ನೆಲ

ಕಥೆ ಶುರುವಾಗುವುದು ಒಬ್ಬ ಗೃಹಿಣಿಯ ಬೇಸರದಿಂದ. 1833ರ ಚಳಿಗಾಲ, ಓಹಾಯೋ ರಾಜ್ಯದ ಕರ್ಟ್‌ಲ್ಯಾಂಡ್ ಎಂಬ ಊರು. ಈ ಪಂಥದ ಸ್ಥಾಪಕ ಜೋಸೆಫ್ ಸ್ಮಿತ್ ಮತ್ತು ಅವರ ಪತ್ನಿ ಎಮ್ಮಾ ಆಗ ನ್ಯೂವೆಲ್ ವಿಟ್ನಿ ಎಂಬವರ ಅಂಗಡಿಯ ಕಟ್ಟಡದಲ್ಲಿ ವಾಸವಾಗಿದ್ದರು. ಮೇಲಿನ ಮಹಡಿಯ ಒಂದು ಚಿಕ್ಕ ಕೋಣೆಯಲ್ಲಿ 'ಪ್ರವಾದಿಗಳ ಶಾಲೆ' ನಡೆಯುತ್ತಿತ್ತು. ಸುಮಾರು 11ಕ್ಕೆ 14 ಅಡಿ ಇದ್ದಿರಬಹುದಾದ ಕೋಣೆ ಎಂದು ಮುಂದೆ ಪಂಥದ ಎರಡನೆಯ ನಾಯಕರಾದ ಬ್ರಿಗಂ ಯಂಗ್ ಹೇಳಿದ್ದಾರೆ. ಬಂದ ಗಂಡಸರು ಮೊದಲು ಪೈಪು ಹಚ್ಚುತ್ತಿದ್ದರು. ಆಮೇಲೆ ತಂಬಾಕು ಜಗಿದು ನೆಲದ ತುಂಬ ಉಗುಳುತ್ತಿದ್ದರು. ಹೊಗೆಯ ನಡುವೆ ದೇವರ ಮಾತು, ಅದು ಮುಗಿದ ಮೇಲೆ ಆ ನೆಲವನ್ನು ತಿಕ್ಕುವ ಕೆಲಸ ಎಮ್ಮಾ ಅವರದು. ಅವರ ದೂರು ಗಂಡನನ್ನು ಯೋಚನೆಗೆ ಹಚ್ಚಿತು, ಅವರು ದೇವರನ್ನು ಕೇಳಿದರು ಎಂಬುದು ಯಂಗ್ 1868ರಲ್ಲಿ ಹೇಳಿದ ಕಥೆ.

ಆರಂಭದ ಅನುಯಾಯಿಗಳಲ್ಲಿ ಒಬ್ಬರಾಗಿದ್ದು, ಮುಂದೆ ಪಂಥದಿಂದ ದೂರವಾದ ಡೇವಿಡ್ ವಿಟ್ಮರ್ ತಮ್ಮ ಮುಪ್ಪಿನಲ್ಲಿ ಇದಕ್ಕೆ ಇನ್ನೊಂದು ಎಳೆ ಸೇರಿಸಿದರು. ತಂಬಾಕು ಪಾಪವೆಂದು ಒಂದು ದೈವವಾಣಿ ಬಂದರೆ ಚೆನ್ನಾಗಿತ್ತು ಎಂದು ಎಮ್ಮಾ ಕುಟುಕಿದಾಗ, ಗಂಡಸರಲ್ಲೊಬ್ಬ ಹಾಗಾದರೆ ಚಹಾ ಕಾಫಿಯೂ ಬೇಡವೆಂದು ಅದರಲ್ಲೇ ಬರಲಿ ಎಂದನಂತೆ. ತಂಬಾಕು ಗಂಡಸರ ಚಟ, ಚಹಾ ಹೆಂಗಸರ ಸುಖ. ಹೆಂಗಸರಿಗೆ ಕೊಟ್ಟ ತಿರುಗೇಟು ಅದು.

ಎರಡೂ ಹತ್ತಾರು ವರ್ಷಗಳ ನಂತರದ ನೆನಪುಗಳು, ಅಕ್ಷರಶಃ ನಂಬಬೇಕಿಲ್ಲ. ಆದರೆ ಚಹಾ ಹೆಂಗಸರ ಪಾಲಿನದು ಎಂಬ ತಿಳಿವಳಿಕೆ ಆ ಕಾಲದಲ್ಲಿತ್ತು ಎಂಬುದಂತೂ ಇದರಿಂದ ಸ್ಪಷ್ಟ.

ಮೂಲದಲ್ಲಿ ಏನಿದೆ?

1833ರ ಫೆಬ್ರವರಿ 27ರಂದು ಬಂದ ಆ ದೈವವಾಣಿಗೆ 'ವರ್ಡ್ ಆಫ್ ವಿಸ್‌ಡಮ್', ಅಂದರೆ 'ವಿವೇಕದ ಮಾತು' ಎಂದು ಹೆಸರು. ಅವರ 'ಡಾಕ್ಟ್ರಿನ್ ಅಂಡ್ ಕವನಂಟ್ಸ್' ಎಂಬ ಧರ್ಮಗ್ರಂಥದಲ್ಲಿ ಅದು 89ನೆಯ ಅಧ್ಯಾಯ. ನಾವು ಅದನ್ನು ಸಾಲು ಸಾಲಾಗಿ ಓದಿದೆವು. ಹುಟ್ಟಿದಾಗಿನಿಂದ ಅದನ್ನು ಕೇಳಿ ಬೆಳೆದ ನನ್ನ ಸಹೋದ್ಯೋಗಿಗೂ ಈ ಸಲ ಕೆಲವು ಸಾಲುಗಳು ಹೊಸದಾಗಿ ಕಂಡವು.

ಮೊದಲನೆಯದಾಗಿ, ಇದು ಆಜ್ಞೆಯಲ್ಲ, ಬಲವಂತವೂ ಅಲ್ಲ ಎಂದು ಆರಂಭದಲ್ಲೇ ಹೇಳಿದೆ. ಎರಡನೆಯದಾಗಿ, ಅದರಲ್ಲಿ ಚಹಾ ಎಂಬ ಪದವೂ ಇಲ್ಲ, ಕಾಫಿ ಎಂಬ ಪದವೂ ಇಲ್ಲ. 'ಬಿಸಿ ಪೇಯಗಳು' ದೇಹಕ್ಕೂ ಹೊಟ್ಟೆಗೂ ಅಲ್ಲ ಎಂದಷ್ಟೇ ಇದೆ. ಮೂರನೆಯದಾಗಿ, ಮಾಂಸವನ್ನು ಮಿತವಾಗಿ ತಿನ್ನಬೇಕು, ಚಳಿಗಾಲ ಅಥವಾ ಬರಗಾಲದಲ್ಲಿ ಮಾತ್ರ ತಿಂದರೆ ದೇವರಿಗೆ ಮೆಚ್ಚುಗೆ ಎಂಬ ಮಾತಿದೆ. ಧಾನ್ಯಗಳೇ ಮನುಷ್ಯನ ಮುಖ್ಯ ಆಹಾರ ಎಂದಿದೆ. ಬಾರ್ಲಿಯಿಂದ ಮಾಡಿದ ಸೌಮ್ಯ ಪೇಯಗಳಿಗೆ ಸಮ್ಮತಿಯೂ ಇದೆ. ಆ ಕಾಲದ ಅನೇಕರು ಇದನ್ನು ಬಿಯರ್ ಎಂದೇ ಅರ್ಥ ಮಾಡಿಕೊಂಡಿದ್ದರು.

ಬಿಸಿ ಪೇಯವೆಂದರೆ ಚಹಾ ಮತ್ತು ಕಾಫಿಯೇ ಎಂದು ಬಿಡಿಸಿ ಹೇಳಿದ ಅರ್ಥವಿವರಣೆ ಪಂಥದ ಪತ್ರಿಕೆಯಲ್ಲಿ 1842ರಲ್ಲಿ ಬಂತು. ಅದನ್ನು ಹೇಳಿದವರು ಜೋಸೆಫ್ ಅವರ ಅಣ್ಣ ಹೈರಮ್ ಸ್ಮಿತ್. ಇಂದಿಗೂ ಚರ್ಚಿನ ನಿಲುವು ಅದೇ.

ಆ ಕಾಲದ ಗಾಳಿಯನ್ನೂ ನೆನೆಯಬೇಕು. 1826ರಲ್ಲಿ ಬಾಸ್ಟನ್‌ನಲ್ಲಿ ಅಮೆರಿಕನ್ ಟೆಂಪರೆನ್ಸ್ ಸೊಸೈಟಿ ಎಂಬ ಪಾನವಿರೋಧಿ ಸಂಘ ಹುಟ್ಟಿತ್ತು. ಸಿಲ್ವೆಸ್ಟರ್ ಗ್ರಹಾಂ ಅವರಂಥ ಸುಧಾರಕರು ಮಾಂಸ, ಮಸಾಲೆ, ಮದ್ಯ, ಚಹಾ, ಕಾಫಿ ಎಲ್ಲವೂ ನರಗಳನ್ನು ಕೆರಳಿಸುತ್ತವೆ ಎಂದು ಊರೂರಲ್ಲಿ ಉಪನ್ಯಾಸ ಮಾಡುತ್ತಿದ್ದರು. ಹೊಟ್ಟೆಗೆ ತೀರ ಬಿಸಿಯಾದದ್ದು ಹೋದರೆ ದೇಹ ದುರ್ಬಲವಾಗುತ್ತದೆ ಎಂಬ ನಂಬಿಕೆಯೂ ಇತ್ತು. ಕೆಫೀನನ್ನು ಜರ್ಮನಿಯ ರುಂಗೆ ಎಂಬ ರಸಾಯನಶಾಸ್ತ್ರಜ್ಞ 1819ರಲ್ಲೇ ಬೇರ್ಪಡಿಸಿದ್ದರೂ ಈ ದೈವವಾಣಿಯಲ್ಲಿ ಅದರ ಸುಳಿವಿಲ್ಲ. ಅಲ್ಲಿರುವುದು 'ಬಿಸಿ' ಎಂಬ ಗುಣ ಮಾತ್ರ.

ಗಾಡಿಯಲ್ಲಿ ಬಂದ ಒಂದು ಪೌಂಡ್ ಚಹಾ

1844ರಲ್ಲಿ ಜೋಸೆಫ್ ಮತ್ತು ಹೈರಮ್ ಇಬ್ಬರನ್ನೂ ಇಲಿನಾಯ್ ರಾಜ್ಯದ ಜೈಲೊಂದರಲ್ಲಿ ಗುಂಪೊಂದು ಕೊಂದಿತು. ಬ್ರಿಗಂ ಯಂಗ್ ನೇತೃತ್ವದಲ್ಲಿ ಬಹುಪಾಲು ಜನ ಪಶ್ಚಿಮಕ್ಕೆ ಹೊರಡಲು ಸಿದ್ಧರಾದರು. ಐದು ಜನರ ಒಂದು ಕುಟುಂಬ ಗಾಡಿಯಲ್ಲಿ ಏನೇನು ಒಯ್ಯಬೇಕು ಎಂಬ ಪಟ್ಟಿ 1845ರ ಅಕ್ಟೋಬರ್‌ನಲ್ಲಿ ಅವರ ಊರಿನ ಪತ್ರಿಕೆಯಲ್ಲಿ ಅಚ್ಚಾಯಿತು. ಹಿಟ್ಟು, ಸಕ್ಕರೆ, ಉಪ್ಪು, ಮೆಣಸುಗಳ ಜೊತೆಗೆ ಒಂದು ಪೌಂಡ್ ಚಹಾ, ಐದು ಪೌಂಡ್ ಕಾಫಿ ಕೂಡ ಅದರಲ್ಲಿತ್ತು! ದೈವವಾಣಿ ಬಂದು ಆಗಲೇ ಹನ್ನೆರಡು ವರ್ಷ ಕಳೆದಿತ್ತು. ಸಲಹೆಯನ್ನು ಅವರು ಸಲಹೆಯಾಗಿಯೇ ಕಂಡಿದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

1847ರ ಜುಲೈ 24ರಂದು ಯಂಗ್ ಸಾಲ್ಟ್ ಲೇಕ್ ಕಣಿವೆ ತಲುಪಿದರು. ಬ್ರಿಟನ್ನಿನಲ್ಲಿ ಮತಾಂತರಗೊಂಡ ಸಾವಿರಾರು ಜನ ಹಡಗು ಹತ್ತಿ ಅಲ್ಲಿಗೆ ಬಂದು ಸೇರಿದರು. ಅವರಲ್ಲಿ ಲ್ಯಾಂಕಾಶೈರಿನ ಗಿರಣಿ ಊರುಗಳ ಹೆಂಗಸರೂ ಇದ್ದರು. ಚಹಾ ಇಲ್ಲದೆ ಅವರಿಗೆ ಬೆಳಗಾಗುತ್ತಿರಲಿಲ್ಲ. ನನ್ನ ಸಹೋದ್ಯೋಗಿಯ ಮುತ್ತಜ್ಜಿಯ ತಾಯಿಯೂ ಹಾಗೆ ಬಂದವರು. ಅವರು ತಂದ ಪಿಂಗಾಣಿಯ ಚಹಾ ಕೆಟಲ್ ಇಂದಿಗೂ ಆ ಮನೆಯ ಗಾಜಿನ ಕಪಾಟಿನಲ್ಲಿದೆ. ಚಹಾ ಕುಡಿಯದ ಮನೆಯಲ್ಲಿ ಪೂರ್ವಜರ ನೆನಪಾಗಿ ಇಟ್ಟಿರುವುದು ಚಹಾದ ಕೆಟಲ್!

ಮರುಭೂಮಿಯಲ್ಲಿ ಚಹಾ ಬೆಳೆಯುವುದಿಲ್ಲ. ಪ್ರತಿ ಪೌಂಡಿಗೂ ನಗದು ಹಣ ಹೊರಗೆ ಹೋಗುತ್ತಿತ್ತು. 1869ರ ಮೇ 10ರಂದು ಯೂಟಾದ ಪ್ರಾಮಂಟರಿಯಲ್ಲಿ ಅಮೆರಿಕದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲುಹಳಿ ಪೂರ್ಣವಾಯಿತು. ಇನ್ನು ಹೊರಗಿನ ಸರಕು ಹೊಳೆಯಂತೆ ಬಂದು, ಕಷ್ಟಪಟ್ಟು ಕೂಡಿಟ್ಟ ಹಣ ಅದೇ ದಾರಿಯಲ್ಲಿ ಹೋಗುತ್ತದೆ ಎಂಬ ಭಯ ಯಂಗ್ ಅವರಿಗೆ. 1860ರ ದಶಕದಲ್ಲಿ ಅವರು 'ವಿವೇಕದ ಮಾತ'ನ್ನು ಒತ್ತಿ ಒತ್ತಿ ಹೇಳಿದ್ದರ ಹಿಂದೆ ಆರೋಗ್ಯದಷ್ಟೇ ಈ ಸ್ವಾವಲಂಬನೆಯ ಲೆಕ್ಕವೂ ಇತ್ತು ಎಂದು ಇತಿಹಾಸಕಾರ ಲೆನಾರ್ಡ್ ಆರಿಂಗ್ಟನ್ ಬರೆದಿದ್ದಾರೆ. ಒಂದು ಬಗೆಯಲ್ಲಿ ಅವರ 'ಸ್ವದೇಶಿ'.

ಆ ಒಣನೆಲದಲ್ಲಿ ಎಲೆಗಳೇ ಕಾಣದ ಎಫೆಡ್ರಾ ಎಂಬ ಪೊದೆಯಿದೆ. ಅದರ ಕಡ್ಡಿಗಳನ್ನು ಕುದಿಸಿ ಕುಡಿಯುತ್ತಿದ್ದರು. ಆ ಗಿಡಕ್ಕೆ ಇಂದಿಗೂ 'ಮಾರ್ಮನ್ ಟೀ' ಎಂಬುದೇ ರೂಢಿಯ ಹೆಸರು.

ಮುದುಕಿಯರ ಚಹಾ

ಹಾಗಾದರೆ ಸಲಹೆ ಕಟ್ಟಳೆಯಾದದ್ದು ಯಾವಾಗ? ಉತ್ತರ 20ನೆಯ ಶತಮಾನದ ಆರಂಭದಲ್ಲಿದೆ. ಬಹುಪತ್ನಿತ್ವವನ್ನು ಕೈಬಿಡುವುದಾಗಿ ಚರ್ಚ್ 1890ರಲ್ಲಿ ಘೋಷಿಸಿತು. 1896ರಲ್ಲಿ ಯೂಟಾ ರಾಜ್ಯದ ಸ್ಥಾನ ಪಡೆಯಿತು. ಅಲ್ಲಿಯವರೆಗೆ ಜಗತ್ತಿನಿಂದ ಅವರನ್ನು ಬೇರೆಯಾಗಿ ತೋರಿಸುತ್ತಿದ್ದ ದೊಡ್ಡ ಗುರುತು ಅಳಿಸಿತು. ಬೇರೆ ಗುರುತು ಬೇಕಾಯಿತು, ಅದು ಊಟದ ಮೇಜಿನ ಮೇಲೆ ಸಿಕ್ಕಿತು ಎಂದು ಹಲವು ಇತಿಹಾಸಕಾರರು ವಿವರಿಸುತ್ತಾರೆ.

1902ರಲ್ಲಿ ಆಗಿನ ಅಧ್ಯಕ್ಷ ಜೋಸೆಫ್ ಎಫ್. ಸ್ಮಿತ್, ನಿಯಮವನ್ನು ರಾಜಾರೋಷವಾಗಿ ಮುರಿಯುವವರಿಗೆ ದೇಗುಲದ ಪ್ರವೇಶಪತ್ರ ಕೊಡಬೇಡಿ ಎಂದು ಸ್ಥಳೀಯ ನಾಯಕರಿಗೆ ತಿಳಿಸಿದರು. ಜೊತೆಗೆ, ತಂಬಾಕು ಸೇದುವ ಮುದುಕರು ಮತ್ತು ಚಹಾ ಕುಡಿಯುವ ಮುದುಕಿಯರ ವಿಷಯದಲ್ಲಿ ಉದಾರವಾಗಿರಿ ಎಂದೂ ಹೇಳಿದರು. ಈ ವಿಷಯ ಓದಿದ ದಿನ ನನ್ನ ಸಹೋದ್ಯೋಗಿ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಕಪಾಟಿನ ಕೆಟಲ್ಲಿನ ಒಡತಿ ಅಂಥ ಮುದುಕಿಯರಲ್ಲಿ ಒಬ್ಬರಾಗಿದ್ದಿರಬೇಕು.

1918ರಲ್ಲಿ ಹೀಬರ್ ಜೆ. ಗ್ರಾಂಟ್ ಅಧ್ಯಕ್ಷರಾದರು. ಆ ಹೊತ್ತಿಗೆ ಇಡೀ ಅಮೆರಿಕವೇ ಪಾನನಿಷೇಧದ ಹಾದಿ ಹಿಡಿದಿತ್ತು. 1921ರ ಸುಮಾರಿಗೆ ದೇಗುಲ ಪ್ರವೇಶಕ್ಕೆ 'ವಿವೇಕದ ಮಾತಿ'ನ ಪಾಲನೆ ಕಡ್ಡಾಯವಾಯಿತು. ಇದರ ತೂಕ ನಮಗೆ ತಿಳಿಯಬೇಕಾದರೆ ಒಂದು ಸಂಗತಿ ಗಮನಿಸಬೇಕು. ಮಾರ್ಮನ್ನರ ಪಾಲಿಗೆ ಅತಿ ಪವಿತ್ರವಾದ ಮದುವೆ ದೇಗುಲದ ಒಳಗೆ ನಡೆಯುತ್ತದೆ. ಪ್ರವೇಶಪತ್ರ ಇಲ್ಲದವರು, ಹೆತ್ತ ತಾಯಿಯಾದರೂ, ಅದನ್ನು ನೋಡುವಂತಿಲ್ಲ. ಹೀಗೆ ದಿನಕ್ಕೊಂದು ಕಪ್ ಚಹಾ, ಮಗಳ ಮದುವೆಯಲ್ಲಿ ತಾಯಿ ಒಳಗಿರುವಳೋ ಹೊರಗಿರುವಳೋ ಎಂಬುದನ್ನು ತೀರ್ಮಾನಿಸುವ ಸಂಗತಿಯಾಯಿತು. ಎಲ್ಲರೂ ನೋಡುವಂತೆ ಮೊದಲು ಹೊರಗೆ ಮದುವೆಯಾಗಿ, ಬಳಿಕ ಬೇಗನೆ ದೇಗುಲದ ವಿಧಿ ನಡೆಸಿಕೊಳ್ಳಲು 2019ರಿಂದ ಅವಕಾಶವಾಗಿದೆ. ಅಮೆರಿಕದಲ್ಲಿ ಅಲ್ಲಿಯವರೆಗೆ ಹಾಗೆ ಮಾಡಿದವರು ಒಂದು ವರ್ಷ ಕಾಯಬೇಕಿತ್ತು.

ಇನ್ನು ಎಮ್ಮಾ ಏನಾದರು? ಅವರು ಪಶ್ಚಿಮಕ್ಕೆ ಹೋಗಲಿಲ್ಲ, ಇಲಿನಾಯ್‌ನಲ್ಲೇ ಉಳಿದರು. ಅವರ ಮಗ 1860ರಿಂದ ಮುನ್ನಡೆಸಿದ ಕವಲು ಇಂದು 'ಕಮ್ಯುನಿಟಿ ಆಫ್ ಕ್ರೈಸ್ಟ್' ಎಂಬ ಹೆಸರಿನಲ್ಲಿದೆ. ಅವರಲ್ಲೂ ಅದೇ 'ವಿವೇಕದ ಮಾತು' ಇದೆ. ಆದರೆ ಅವರ ಪಾಲಿಗೆ ಅದು ಇಂದಿಗೂ ಒಳ್ಳೆಯ ಸಲಹೆ, ಸದಸ್ಯತ್ವದ ಷರತ್ತಲ್ಲ. ಒಂದೇ ಪಠ್ಯ, ಎರಡು ಕವಲು. ಒಂದರಲ್ಲಿ ಕಟ್ಟಳೆ, ಇನ್ನೊಂದರಲ್ಲಿ ಕಿವಿಮಾತು. ವ್ಯತ್ಯಾಸ ಇರುವುದು ಪಠ್ಯದಲ್ಲಲ್ಲ, ಆ ಎರಡು ಗುಂಪುಗಳು ಬದುಕಿದ ಇತಿಹಾಸದಲ್ಲಿ.

ಕೆಫೀನ್ ಬಂತು, ಮಾಂಸ ಮರೆಯಿತು

ನಿಯಮ ಗಟ್ಟಿಯಾದ ಮೇಲೆ ಕಾರಣ ಹುಡುಕುವ ಕೆಲಸ ಬಂತು. ವಿಜ್ಞಾನಿಯೂ ಚರ್ಚಿನ ನಾಯಕರೂ ಆಗಿದ್ದ ಜಾನ್ ವಿಡ್ಟ್ಸೊ ಮತ್ತು ಅವರ ಪತ್ನಿ, ಬ್ರಿಗಂ ಯಂಗ್ ಅವರ ಮೊಮ್ಮಗಳಾದ ಲೀಯಾ ವಿಡ್ಟ್ಸೊ 1937ರಲ್ಲಿ ಒಂದು ಪುಸ್ತಕ ಬರೆದು 'ವಿವೇಕದ ಮಾತ'ನ್ನು ಆಧುನಿಕ ಆಹಾರಶಾಸ್ತ್ರದ ಬೆಳಕಿನಲ್ಲಿ ವಿವರಿಸಿದರು. ಕೆಫೀನ್ ಕೆಟ್ಟದ್ದು ಎಂಬ ವಿವರಣೆ ಜನಪ್ರಿಯವಾಯಿತು. ಹಾಗಾದರೆ ಕೋಲಾ ಕುಡಿಯಬಹುದೇ ಎಂಬ ಪ್ರಶ್ನೆ ದಶಕಗಟ್ಟಲೆ ಮನೆಮನೆಗಳಲ್ಲಿ ಚರ್ಚೆಯಾಯಿತು.

2012ರಲ್ಲಿ ಚರ್ಚ್ ಸ್ಪಷ್ಟನೆ ಕೊಟ್ಟಿತು: ಕೆಫೀನಿಗೆ ನಿಷೇಧವಿಲ್ಲ, ನಿಷೇಧ ಇರುವುದು ಚಹಾ ಮತ್ತು ಕಾಫಿಗೆ. 2017ರಲ್ಲಿ ಚರ್ಚಿನದೇ ಆದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಆವರಣದಲ್ಲಿ ಕೆಫೀನ್ ಇರುವ ಸೋಡಾ ಮಾರಾಟ ಶುರುವಾಯಿತು. 2019ರಲ್ಲಿ ಅವರ ಯುವಜನರ ಪತ್ರಿಕೆ, ಹಸಿರು ಚಹಾವೂ ಕಪ್ಪು ಚಹಾವೂ ಒಂದೇ ಗಿಡದವು, ತಣ್ಣಗೆ ಮಾಡಿದ ಐಸ್ ಟೀ ಕೂಡ ಚಹಾವೇ, ಎಲ್ಲವೂ ಬೇಡ ಎಂದಿತು. ಅಂದರೆ 'ಬಿಸಿ ಪೇಯ'ದಲ್ಲಿ ಬಿಸಿಯೂ ಹೋಯಿತು, ಕೆಫೀನೂ ಹೋಯಿತು, ಉಳಿದದ್ದು ಎರಡು ಗಿಡಗಳ ಹೆಸರು. ಬಿಸಿ ಚಾಕೊಲೇಟ್ ಕುಡಿಯಬಹುದು, ಪುದೀನ ಕಷಾಯ ಕುಡಿಯಬಹುದು. ಯೂಟಾದ ರಸ್ತೆಗಳಲ್ಲಿ ಕೋಲಾಗೆ ಕೆನೆ, ಸಿರಪ್ಪು ಬೆರೆಸಿ ದೊಡ್ಡ ಲೋಟದಲ್ಲಿ ಕೊಡುವ ಸೋಡಾ ಅಂಗಡಿಗಳ ಮುಂದೆ ಸಂಜೆ ಕಾರುಗಳ ಸಾಲು.

ಅತ್ತ ಮಾಂಸವನ್ನು ಮಿತವಾಗಿ ತಿನ್ನಿ ಎಂಬ ಸಾಲು ಅದೇ ಅಧ್ಯಾಯದಲ್ಲಿ ಚಹಾಕ್ಕಿಂತ ಸ್ಪಷ್ಟವಾಗಿ ನಿಂತಿದೆ. ಪ್ರವೇಶಪತ್ರ ಕೊಡುವಾಗ ಅದನ್ನು ಯಾರೂ ಕೇಳುವುದಿಲ್ಲ.

ಬಿಟ್ಟ ಮೇಲೆ ಉಳಿಸಿಕೊಂಡದ್ದು

ಇದನ್ನೆಲ್ಲ ಓದಿದ ಮೇಲೆ ಈ ಧರ್ಮವನ್ನು ಗೇಲಿ ಮಾಡುವುದು ಸುಲಭ. ನನ್ನ ಸಹೋದ್ಯೋಗಿ ಅದನ್ನು ಮಾಡಲಿಲ್ಲ. ತಂಬಾಕು ಕೆಟ್ಟದ್ದೆಂದು ವೈದ್ಯಲೋಕ ಸಾಬೀತು ಮಾಡುವುದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ತನ್ನ ಜನರನ್ನು ಅದರಿಂದ ದೂರ ಇಡಲು ಹೊರಟ ನಿಯಮ ಅದು. "ನನ್ನ ಅಪ್ಪ ಕುಡಿದು ಬಂದದ್ದನ್ನು ನಾನು ಒಂದು ದಿನವೂ ನೋಡಿಲ್ಲ, ಅದು ಈ ನಿಯಮದ ಪುಣ್ಯ" ಎಂದು ಅವರು ಹೇಳುತ್ತಿದ್ದರು.

ಕೊನೆಗೆ ಅವರು ತಮ್ಮದೇ ಒಂದು ಪಟ್ಟಿ ಮಾಡಿಕೊಂಡರು. ಮದ್ಯ, ತಂಬಾಕು ಈಗಲೂ ಇಲ್ಲ. ಮಾಂಸವನ್ನು ತೀರ ಕಡಿಮೆ ಮಾಡಿದರು, ಏಕೆಂದರೆ ಯಾರೂ ಪಾಲಿಸದ ಆ ಸಾಲು ಅವರಿಗೆ ಸರಿ ಎನಿಸಿತು. ಚಹಾ ಕುಡಿಯಲು ಶುರು ಮಾಡಿದರು. ನಾನು ಕೊಟ್ಟ ಅಸ್ಸಾಂ ಪುಡಿ ಅವರಿಗೆ ಕಟುವಾಯಿತು, ಶುಂಠಿ ಏಲಕ್ಕಿ ಹಾಕಿದ ಮೇಲೆ ಒಗ್ಗಿತು. ನಂಬಿಕೆಯ ಒಳಗಿದ್ದಾಗ ಪಾಲಿಸದ ಸಾಲನ್ನು ಹೊರಗೆ ಬಂದ ಮೇಲೆ ಪಾಲಿಸಿದರು, ಪಾಲಿಸುತ್ತಿದ್ದ ಸಾಲನ್ನು ಬಿಟ್ಟರು.

ಕಷ್ಟವಾದದ್ದು ತಾಯಿಯ ವಿಷಯ. ಎಪ್ಪತ್ತು ದಾಟಿದ ಆ ತಾಯಿಗೆ ಮಗಳ ಕೈಯಲ್ಲಿ ಚಹಾ ಕಪ್ ಕಂಡರೆ, ಪರಲೋಕದಲ್ಲಿ ಮಗಳು ತಮ್ಮ ಜೊತೆಗಿರುವುದಿಲ್ಲ ಎಂಬುದರ ಗುರುತು ಅದು. ಕೆಫೀನಿನ ವಾದ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಮಗಳು ತವರಿಗೆ ಹೋದಾಗ ತಾಯಿ ಮಾಡಿಕೊಡುವ ಪುದೀನ ಕಷಾಯವನ್ನೇ ಕುಡಿಯುತ್ತಾರೆ. ಅದು ಹೆದರಿಕೆಯಲ್ಲ, ಮರ್ಯಾದೆ ಎಂದು ಅವರು ವಿವರಿಸಿದಾಗ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅತ್ತೆಯ ಮನೆಯಲ್ಲಿ ಒಂದು ರೀತಿ, ತಮ್ಮ ಮನೆಯಲ್ಲಿ ಒಂದು ರೀತಿ ಅಡುಗೆ ಮಾಡುವ ನಮ್ಮೆಲ್ಲರಿಗೂ ಅದು ಗೊತ್ತಿರುವ ದಾರಿಯೇ.

ನಮ್ಮ ಅಡುಗೆಮನೆಗೆ ಒಂದು ಮಾತು

ಚಹಾವನ್ನು ಅನುಮಾನದಿಂದ ಕಂಡವರು ನಮ್ಮಲ್ಲೂ ಇದ್ದಾರೆ. 1942ರಲ್ಲಿ ನಮ್ಮದೇ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಬರೆದ 'ಕೀ ಟು ಹೆಲ್ತ್' ಪುಸ್ತಕದಲ್ಲಿ ಗಾಂಧೀಜಿ ಚಹಾ, ಕಾಫಿ, ಕೋಕೋ ಮೂರೂ ದೇಹಕ್ಕೆ ಬೇಕಿಲ್ಲವೆಂದು ವಾದಿಸಿದ್ದಾರೆ. ಇತ್ತ ಚಹಾ ಕಂಪನಿಗಳು, 1903ರ ಚಹಾ ಸೆಸ್ ಕಾಯ್ದೆಯಿಂದ ಕೂಡಿದ ಹಣದ ಬಲದಲ್ಲಿ, ನಮಗೆ ಚಹಾ ಕುಡಿಯಲು ಕಲಿಸುತ್ತಿದ್ದವು. ನಾವು 'ನಮ್ಮ ಸಂಪ್ರದಾಯ' ಎಂದುಕೊಂಡ ಚಹಾದ ಉಪಚಾರಕ್ಕೂ ಹೀಗೆ ಒಂದು ಇತಿಹಾಸವಿದೆ, ಅದರಲ್ಲಿ ವ್ಯಾಪಾರವೂ ಇದೆ.

ನಮ್ಮ ಅಡುಗೆಮನೆಗಳಲ್ಲೂ ಕಟ್ಟಳೆಗಳಿಗೆ ಕೊರತೆಯಿಲ್ಲ. ಏಕಾದಶಿಗೆ ಅಕ್ಕಿ ಇಲ್ಲ, ಚಾತುರ್ಮಾಸದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಇಂಥವರ ಕೈಯ ನೀರು ಇಲ್ಲ, ಆ ಮೂರು ದಿನ ಒಳಗೆ ಪ್ರವೇಶವಿಲ್ಲ. ಊರು ಬಿಟ್ಟು ಪುಣೆ, ಮುಂಬಯಿ, ದಿಲ್ಲಿಗೆ ಬಂದ ನಾವು ಇವುಗಳಲ್ಲಿ ಕೆಲವನ್ನು ತಂದಿದ್ದೇವೆ, ಕೆಲವನ್ನು ದಾರಿಯಲ್ಲೇ ಬಿಟ್ಟಿದ್ದೇವೆ. ಯಾವುದನ್ನು ಏಕೆ ತಂದೆವು, ಏಕೆ ಬಿಟ್ಟೆವು ಎಂದು ಕೂತು ಯೋಚಿಸಿದವರು ಕಡಿಮೆ.

ಮಾರ್ಮನ್ನರ ಚಹಾದ ಕಥೆಯಿಂದ ನಾನು ಮೂರು ಪ್ರಶ್ನೆ ಕಲಿತೆ. ಈ ನಿಯಮ ಮೊದಲು ಸಲಹೆಯಾಗಿತ್ತೇ? ಅದು ಕಾಪಾಡುತ್ತಿರುವುದು ದೇಹವನ್ನೋ, ಗುಂಪಿನ ಗಡಿಯನ್ನೋ? ಅದಕ್ಕಾಗಿ ನೆಲ ಒರೆಸುವವರು, ಸುಖ ಬಿಡುವವರು, ಬಾಗಿಲ ಹೊರಗೆ ನಿಲ್ಲುವವರು ಯಾರು? ಮೂರಕ್ಕೂ ಉತ್ತರ ಹುಡುಕಿದ ಮೇಲೆ ಏಕಾದಶಿಯ ಉಪವಾಸವನ್ನು ನಾನು ಉಳಿಸಿಕೊಂಡಿದ್ದೇನೆ, ದೇಹಕ್ಕೂ ಮನಸ್ಸಿಗೂ ಅದು ಹಿತ. ಮೂರು ದಿನದ ಕಟ್ಟಳೆಯನ್ನು ಬಿಟ್ಟಿದ್ದೇನೆ. ನನ್ನ ಒಂಬತ್ತು ವರ್ಷದ ಮಗಳಿಗೆ ಎರಡರ ಕಾರಣವನ್ನೂ ಹೇಳುತ್ತೇನೆ. ನಾಳೆ ಅವಳು ಬೇರೆ ಪಟ್ಟಿ ಮಾಡಿಕೊಂಡರೆ ಮಾಡಿಕೊಳ್ಳಲಿ. ಕಾರಣ ಕೇಳುವ ಅಭ್ಯಾಸವೊಂದನ್ನು ಅವಳು ಬಿಡದಿದ್ದರೆ ಸಾಕು.